ಇಲ್ಲದ ಟವರ್ ಎತ್ತಿದ ಕರೆಗಳು

"ಹುಡುಕಿ. ಸಿಕ್ಕಿದ್ರೆ ನನಗೂ ತೋರಿಸಿ," ಅಂದರು ಹಲ್ಲಿನ ಡಾಕ್ಟರು.

ಹುಡುಕಲು ಆ ತಾರಸಿಯ ಮೇಲೆ ಏನೂ ಇರಲಿಲ್ಲ. ಎರಡು ಸಾಲು ಒಗೆದ ಬಟ್ಟೆ, ಒಂದು ನೀರಿನ ತೊಟ್ಟಿ, ರೋಗಿಗಳು ಕೂರುತ್ತಿದ್ದ ಹಳೆಯ ಕುರ್ಚಿ. ಇವುಗಳ ನಡುವೆ ನಾಲ್ಕು ಮೂಲೆಗೆ ನಾಲ್ಕು ದಪ್ಪ ಬೋಲ್ಟುಗಳ ಬುಡ. ಯಾರೋ ಅವನ್ನು ಗರಗಸದಲ್ಲಿ ನೆಲಮಟ್ಟಕ್ಕೆ ಕೊಯ್ದು ಹೋಗಿದ್ದರು.

ಮೀಟರಮ್ಮ ಕೈಯಲ್ಲಿದ್ದ ಪಟ್ಟಿಯನ್ನು ಮೂರನೇ ಸಲ ಓದಿದಳು. ಟವರ್ ಸಂಖ್ಯೆ ಹದಿನೇಳು. ವಿಳಾಸ ಇದೇ ಮನೆ, ಇದೇ ತಾರಸಿ. ಸ್ಥಿತಿ: ಚಾಲನೆಯಲ್ಲಿದೆ. ಈ ತಿಂಗಳ ಎರಡನೇ ತಾರೀಖು ಪರೀಕ್ಷೆಗೆಂದು ಮಾಡಿದ ಕರೆಗಳು ನಲವತ್ತಾರು. ಟವರ್ ಎತ್ತಿಕೊಂಡ ಕರೆಗಳು ನಲವತ್ತಾರು.

"ಡಾಕ್ಟ್ರೇ, ಇಲ್ಲಿ ಟವರ್ ಇದ್ದದ್ದು ಹೌದು ತಾನೆ?"

"ಆರು ವರ್ಷ ಇತ್ತು. ಮೂರು ಕಂಪನಿಯವರು ಒಂದೇ ಕಂಬಕ್ಕೆ ತಮ್ಮ ತಮ್ಮ ಡಬ್ಬಿ ನೇತುಹಾಕಿದ್ರು. ಆ ಭಾರಕ್ಕೆ ಚಾವಣಿ ಬಿರುಕು ಬಿಟ್ಟು, ನೀರು ಸೀದಾ ನನ್ನ ಹಾಸಿಗೆ ಮೇಲೆ ತೊಟ್ಟಿಕ್ಕೋಕೆ ಶುರುವಾಯ್ತು. ತೆಗೀರಿ ಅಂದೆ. ತೆಗೆದ್ರು, ಬೇರು ಮಾತ್ರ ಬಿಟ್ಟು ಹೋದ್ರು. ನಲವತ್ತು ವರ್ಷದಲ್ಲಿ ನಾನು ಒಂದು ಹಲ್ಲನ್ನೂ ಹೀಗೆ ಕಿತ್ತಿಲ್ಲ."

"ಯಾವತ್ತು ತೆಗೆದ್ರು, ನೆನಪಿದೆಯಾ?"

ಡಾಕ್ಟರು ಚಪ್ಪಲಿಯ ತುದಿಯಿಂದ ನೆಲ ತೋರಿಸಿದರು. ಬಿರುಕಿಗೆ ಹಚ್ಚಿದ ಸಿಮೆಂಟು ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅದು ಹಸಿಯಿದ್ದಾಗ ಮೇಸ್ತ್ರಿ ಮೊಳೆಯಿಂದ ತಾರೀಖು ಗೀಚಿದ್ದ. ಕಳೆದ ತಿಂಗಳ ಹದಿನೈದು.

"ಹಿಂದಿನ ದಿನ ಕಂಬ ಇಳಿಸಿದ್ರು. ಮಾರನೇ ದಿನವೇ ನಾನು ಸಿಮೆಂಟ್ ಹಾಕಿಸಿದೆ."

ಮೀಟರಮ್ಮ ಬೆರಳು ಮಡಚಿ ಲೆಕ್ಕ ಹಾಕಿದಳು. ಪರೀಕ್ಷೆ ನಡೆಯಿತೆಂದು ಬರೆದ ದಿನ, ಟವರ್ ಇಲ್ಲವಾಗಿ ಎರಡೂವರೆ ವಾರ ಕಳೆದಿತ್ತು. ನೀರಿನ ತೊಟ್ಟಿಯೇ ಫೋನ್ ಎತ್ತಿ ಮಾತಾಡಿರಬೇಕು.

ಮೀಟರಮ್ಮ ಅನ್ನುವುದು ಅವಳ ಹೆಸರಲ್ಲ. ಫೋನ್ ಕಂಪನಿಗಳ ಮೇಲೆ ಕಣ್ಣಿಡಲೆಂದು ಕಾನೂನು ಹುಟ್ಟಿಸಿದ ನಿಯಂತ್ರಣ ಮಂಡಳಿಯಲ್ಲಿ ಅವಳು ತನಿಖಾಧಿಕಾರಿ. ಹೋದಲ್ಲೆಲ್ಲ ಚೀಲದಿಂದ ಸಿಗ್ನಲ್ ಅಳೆಯುವ ಮೀಟರ್ ತೆಗೆದು ಮೇಲೆತ್ತಿ ಹಿಡಿಯುತ್ತಾಳೆಂದು ಬಿದ್ದ ಅಡ್ಡಹೆಸರು ಅದು. ಗೆಳತಿಯ ಮಗಳ ಮದುವೆಯಲ್ಲೂ ಹಿಡಿದಿದ್ದಾಳೆ.

ಈಗಲೂ ಹಿಡಿದಳು. ತಾರಸಿಯ ಮೇಲೆ ಮುಳ್ಳು ಅರ್ಧಕ್ಕೆ ಏರಿ ನಿಂತಿತು. ಗೋಡೆಯಂಚಿಗೆ ಹೋಗಿ ಕೈಯನ್ನು ಕೆಳಗೆ, ತಗ್ಗಿನ ಬೀದಿಯ ಕಡೆ ಇಳಿಬಿಟ್ಟಳು. ಮುಳ್ಳು ಮಲಗಿಬಿಟ್ಟಿತು.

ಹನ್ನೊಂದು ದಿನದ ಹಿಂದೆ ಆ ತಗ್ಗಿನ ಬೀದಿಯಲ್ಲಿ ಗಡಿಯಾರ ರಿಪೇರಿಯವರು ಎದೆ ಹಿಡಿದುಕೊಂಡು ಕುಸಿದಿದ್ದರು. ಅವರ ಹೆಂಡತಿ ತುರ್ತು ಸಂಖ್ಯೆಗೆ ಒಂಬತ್ತು ಸಲ ಮಾಡಿದ ಕರೆಗಳಲ್ಲಿ ಒಂದೂ ಹೋಗಿರಲಿಲ್ಲ. ನಮ್ಮ ನೆಟ್‌ವರ್ಕ್ ಸರಿಯಾಗಿಯೇ ಇತ್ತು, ಆಕೆಯೇ ಗಾಬರಿಯಲ್ಲಿ ತಪ್ಪು ಒತ್ತಿರಬೇಕು ಎಂದು ಕಂಪನಿ ಬರೆದು ಕೈ ತೊಳೆದುಕೊಂಡಿತ್ತು.

ಡಾಕ್ಟರು ಬಟ್ಟೆಯ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದವರು ನಿಲ್ಲಿಸಿದರು.

"ನಾನು ಕಂಬ ತೆಗೆಸಿದ್ದಕ್ಕೇ ಅವರು ಹೋದ್ರಾ?"

"ತೆಗೀರಿ ಅಂದದ್ದು ನಿಮ್ಮ ತಪ್ಪಲ್ಲ. ಮನೆ ಸೋರಿದ್ರೆ ಯಾರಾದ್ರೂ ಅಂತಾರೆ. ತೆಗೆದ ಮೇಲೆ ಪಕ್ಕದಲ್ಲಿ ಇನ್ನೊಂದು ನಿಲ್ಲಿಸಬೇಕಿತ್ತು. ಇಲ್ಲದ್ದನ್ನ ಇದೆ ಅಂತ ಬರೆದ ಮೇಲೆ ಯಾರು ನಿಲ್ಲಿಸ್ತಾರೆ?"

"ನನ್ನ ಗಡಿಯಾರ ಇನ್ನೂ ಅವರ ಅಂಗಡೀಲೇ ಇದೆ," ಅಂದರು ಡಾಕ್ಟರು.

ಮೀಟರಮ್ಮ ಬೋಲ್ಟಿನ ಬುಡಗಳ, ಸಿಮೆಂಟಿನ ತಾರೀಖಿನ ಫೋಟೋ ತೆಗೆದುಕೊಂಡಳು. ಡಾಕ್ಟರಿಂದ ಅರ್ಧ ಪುಟ ಹೇಳಿಕೆ ಬರೆಸಿಕೊಂಡಳು. ನಲವತ್ತು ವರ್ಷ ಔಷಧಿ ಚೀಟಿ ಬರೆದ ಕೈ. ಒಂದು ಅಕ್ಷರವೂ ತಿಳಿಯಲಿಲ್ಲ. ಮತ್ತೊಂದು ಹಾಳೆಯಲ್ಲಿ ತಾನೇ ಬರೆದು, ಅವರಿಂದ ಸಹಿ ಹಾಕಿಸಿಕೊಂಡಳು.

* * *

ಫೋನ್ ಕಂಪನಿಯ ಕಚೇರಿಯಲ್ಲಿ ಅವಳನ್ನು ಮುಕ್ಕಾಲು ಗಂಟೆ ಕೂರಿಸಿದರು.

ಸ್ವಾಗತ ಕೊಠಡಿಯ ಗೋಡೆಯಲ್ಲಿ ಒಂದು ಪರದೆ. ಅದರಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು, ಇಬ್ಬರ ಕೈಯಲ್ಲೂ ಫೋನು. 'ನೀವು ಎಲ್ಲಿದ್ದರೂ ನಾವು ಅಲ್ಲಿ' ಎಂದು ಹೆಣ್ಣುಧ್ವನಿ ಹೇಳುತ್ತಿತ್ತು. ನಿಮಿಷಕ್ಕೆರಡು ಸಲ. ಮೀಟರಮ್ಮ ಎಂಬತ್ತರವರೆಗೆ ಎಣಿಸಿ ಬಿಟ್ಟಳು.

ಕೊನೆಗೆ ಕರೆ ಬಂತು. ಆರನೇ ಮಹಡಿ, ಮೂಲೆಯ ಕೋಣೆ. ನಿಯಮಪಾಲನೆ ವಿಭಾಗದ ವ್ಯವಸ್ಥಾಪಕ ಎದ್ದು ನಿಂತು ನಕ್ಕ. ಮಂಡಳಿಯಲ್ಲಿ ಎಲ್ಲರೂ ಅವನನ್ನು ನಗುಮುಖ ಎಂದೇ ಕರೆಯುತ್ತಿದ್ದರು. ದಂಡದ ನೋಟೀಸು ಕೊಟ್ಟರೂ ನಗುತ್ತಾನೆ, ಎಚ್ಚರಿಕೆಯ ಪತ್ರ ಕೊಟ್ಟರೂ ನಗುತ್ತಾನೆ. ಕಾನೂನು ಹೇಳಿದಂತೆ ಕಂಪನಿ ನಡೆಯುತ್ತಿದೆಯೆಂದು ಮಂಡಳಿಗೆ ಬರೆದು ಕೊಡುವುದೇ ಅವನ ಕೆಲಸ.

ಅವಳು ಕೂರಲಿಲ್ಲ.

"ಹದಿನೇಳನೇ ಟವರ್ ಎಲ್ಲಿದೆ?"

"ಪಟ್ಟೀಲಿದೆ ಮೇಡಂ."

"ತಾರಸೀಲಿಲ್ಲ."

"ಪಟ್ಟೀಲಿದೆ ಅಂತ ಮಾತ್ರ ನಾನು ಹೇಳಿದ್ದು."

ಅವಳು ಚೀಲದಿಂದ ತಾರಸಿಯ ಫೋಟೋ ತೆಗೆದು ಅವನ ಮೇಜಿನ ಮೇಲಿಟ್ಟಳು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಯಾವ ಕಡೆಯಿಂದ ನೋಡಿದರೂ ಅದು ಖಾಲಿ ತಾರಸಿಯೇ.

"ನಲವತ್ತಾರು ಕರೆ ಯಾರು ಎತ್ತಿದ್ರು?"

"ಪರೀಕ್ಷೆ ಮಾಡೋದು ಮಂಡಳಿಯ ವ್ಯಾನು ಅಲ್ವಾ?"

"ವ್ಯಾನು ಎರಡು ವರ್ಷದಿಂದ ಶೆಡ್ಡಿನಲ್ಲಿದೆ. ಚಕ್ರ ಇಲ್ಲ. ಹೊಸ ಚಕ್ರ ಕೊಡಿ ಅಂತ ಸಚಿವಾಲಯಕ್ಕೆ ನಾನೇ ಏಳು ಸಲ ಬರೆದಿದ್ದೀನಿ. ಚಕ್ರ ಯಾಕೆ, ಕಂಪನಿಗಳೇ ಪರೀಕ್ಷೆ ಮಾಡ್ಕೊಂಡು ಅಂಕಿ ತುಂಬಲಿ ಅಂದ್ರು. ಪರೀಕ್ಷೆ ಬರೆಯೋನ ಕೈಗೇ ಉತ್ತರ ತಿದ್ದೋಕೆ ಕೊಡ್ತೀರಾ ಅಂತ ಆಕ್ಷೇಪ ಬರೆದವಳೂ ನಾನೇ. ನನಗೇ ಕಾಗೆ ಹಾರಿಸಬೇಡಿ. ತುಂಬಿದ್ದು ಯಾರು?"

"ನಾನೇ," ಅಂದ ನಗುಮುಖ.

ಇಷ್ಟು ಬೇಗ ಒಪ್ಪಿಕೊಳ್ಳುತ್ತಾನೆಂದು ಅವಳು ಎಣಿಸಿರಲಿಲ್ಲ. ಈಗ ಕೂತಳು.

"ಎಲ್ಲಿಂದ ತಂದ್ರಿ ಆ ನಲವತ್ತಾರನ್ನ?"

"ಹಿಂದಿನ ಸಲದ ಅಂಕಿ. ಹಾಗೇ ಹಾಕಿದೆ. ನಿಮ್ಮ ಮಂಡಳಿಯ ಜಾಲತಾಣದಲ್ಲಿ ಖಾಲಿ ಬಿಟ್ಟು ನೋಡಿದೆ ಮೇಡಂ. ಕೆಂಪು ಗೆರೆ ಬಂತು. ಸೊನ್ನೆ ಹಾಕಿದೆ. 'ಟವರ್ ಚಾಲನೆಯಲ್ಲಿದೆ, ಸೊನ್ನೆ ಸ್ವೀಕಾರಾರ್ಹವಲ್ಲ' ಅಂತ ಬಂತು. ಟವರ್ ಇಲ್ಲ ಅಂತ ಬರೆಯೋಕೆ ಜಾಗವೇ ಇಲ್ಲ. ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿದ್ರು. ಆಮೇಲೆ ಕಟ್ ಆಯ್ತು."

ಅದು ನಿಜವಿರಬೇಕು ಅನ್ನಿಸಿ ಅವಳಿಗೆ ಇನ್ನೂ ಸಿಟ್ಟು ಬಂತು. ಆ ಸಂಗೀತವನ್ನು ಅವಳೂ ಕೇಳಿದ್ದಳು.

"ಹಾಗಿದ್ರೆ ಪಟ್ಟಿಯಿಂದ ಟವರನ್ನ ತೆಗೆಸಬೇಕಿತ್ತು. ಕಂಬ ಇಳಿಸಿದ ಏಳು ದಿನದೊಳಗೆ ಮಂಡಳಿಗೆ ತಿಳಿಸಬೇಕು. ನಿಯಮ ಅದು."

"ಮಾರನೇ ದಿನವೇ ತಿಳಿಸಿದೆ."

"ಅಂಥ ಪತ್ರ ನಮ್ಮಲ್ಲಿಗೆ ಬಂದಿಲ್ಲ."

"ಅದಕ್ಕೆ ಉತ್ತರ ಬಂದಿದೆಯಲ್ಲ ಮೇಡಂ."

ಅವನು ಕಪಾಟು ತೆಗೆದು ಹಸಿರು ಕಡತವೊಂದನ್ನು ಎಳೆದ. ಒಳಗಿದ್ದದ್ದು ಮಂಡಳಿಯ ಮುದ್ರೆಯಿದ್ದ ಪತ್ರ, ಎರಡು ಹಾಳೆ. ತಾರೀಖು ಕಳೆದ ತಿಂಗಳ ಹದಿನೆಂಟು. ಮೊದಲ ಹಾಳೆಯ ನಡುವೆ ಒಂದು ವಾಕ್ಯಕ್ಕೆ ಅವನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ: 'ಸದರಿ ಪಟ್ಟಿಯಲ್ಲಿ ಮುಂದಿನ ಸೂಚನೆಯವರೆಗೆ ಯಾವ ಬದಲಾವಣೆಯನ್ನೂ ಮಾಡತಕ್ಕದ್ದಲ್ಲ.' ಎರಡನೇ ಹಾಳೆಯಲ್ಲಿ ಎರಡೇ ಸಾಲು, ಕೆಳಗೆ ಸಹಿ. ಸಹಿ ಅಧ್ಯಕ್ಷರದ್ದು.

ಅವಳು ಅದನ್ನು ನಿಧಾನವಾಗಿ ಓದಿದಳು. ಮತ್ತೆ ಮೊದಲಿಂದ ಓದಿದಳು.

"ಯಾಕೆ ಅಂತ ನೀವು ಕೇಳಲಿಲ್ವಾ?"

"ಕಂಪನಿಗಳು ಕೇಳಬಾರದು ಅಂತಲೇ ಅಲ್ವಾ ಮಂಡಳಿ ಇರೋದು? ಮುಂದಿನ ತಿಂಗಳು ಸಚಿವಾಲಯದವರು 'ಸಿಗ್ನಲ್ ಇಲ್ಲದ ಬೀದಿಯೇ ಇಲ್ಲ' ಅಂತ ಸಾರೋದಿದೆ. ಒಂದು ಟವರ್ ಕಮ್ಮಿಯಾದ್ರೆ ಒಂದು ಬೀದಿ ಕಮ್ಮಿ. ನಾನು ಊಹಿಸಿದ್ದು ಅಷ್ಟು." ಅವನು ಕಡತ ಮುಚ್ಚಿದ. "ಹಾಕಬೇಡಿ ಅಂದ್ರೂ ತಪ್ಪು ನಮ್ಮದು, ತೆಗೀಬೇಡಿ ಅಂದ್ರೂ ತಪ್ಪು ನಮ್ಮದು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ."

"ಎಮ್ಮೆಗೆ ಇನ್ನೊಂದು ಪ್ರಶ್ನೆ ಇದೆ," ಅಂದಳು ಮೀಟರಮ್ಮ. "ಆಕೆ ಗಾಬರಿಯಲ್ಲಿ ತಪ್ಪು ಒತ್ತಿರಬೇಕು ಅಂತ ಬರೆದ್ರಲ್ಲ, ಅದನ್ನೂ ಮಂಡಳಿಯೇ ಬರೀರಿ ಅಂತ ಹೇಳಿತ್ತಾ?"

ನಗುಮುಖ ಮೇಜಿನ ಮೇಲಿನ ಪೆನ್ನುಗಳನ್ನು ಸರಿ ಮಾಡಿದ. ನೇರವಾಗಿಯೇ ಇದ್ದವು ಅವು.

"ಇಲ್ಲ. ಅದು ನಾವೇ."

"ನೀವೇ ಅಂದ್ರೆ?"

"ನಾನು."

"ಕಂಬ ಇಲ್ಲ ಅಂತ ಗೊತ್ತಿತ್ತು ನಿಮಗೆ. ಕರೆ ಹೋಗಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದ್ರಿ."

ಅವನು ಹಸಿರು ಕಡತವನ್ನು ತನ್ನ ಕಡೆ ಎಳೆದುಕೊಂಡ.

"ಆಕೆ ಇವತ್ತಿಗೂ ಫೋನ್ ತೆಗೆದು ತಾನು ಒತ್ತಿದ್ದು ಯಾವ ಅಂಕಿ ಅಂತ ನೋಡ್ತಾ ಕೂತಿರ್ತಾರೆ. ನಾನು ಹೋದಾಗ ನನ್ನ ಕೈಗೂ ಕೊಟ್ರು, ನೋಡಮ್ಮ ಸರಿಯಾಗಿದೆಯಾ ಅಂತ. ಒಂಬತ್ತು ಸಲವೂ ಸರಿಯಾಗೇ ಒತ್ತಿದ್ದಾರೆ. ಗಂಡ ಕಾಲಬುಡದಲ್ಲಿ ಬಿದ್ದಿದ್ರೂ ಒಂದು ಅಂಕಿ ತಪ್ಪಿಲ್ಲ. ನೀವು ಈ ತಣ್ಣನೆ ಕೋಣೇಲಿ ಕೂತು ಒಂದೇ ಸಾಲು ಬರೆಯೋದ್ರಲ್ಲಿ ತಪ್ಪಿದ್ರಿ."

ನಗು ಆಗ ಹೋಯಿತು. ಅದಿಲ್ಲದ ಮುಖ ಅವಳು ತಿಳಿದದ್ದಕ್ಕಿಂತ ವಯಸ್ಸಾದದ್ದು, ಸುಸ್ತಾದದ್ದು.

"ಆ ಸಾಲು ವಾಪಸ್ ತಗೊಳ್ತೀನಿ," ಅಂದ. "ಬರೆದು ಕೊಡ್ತೀನಿ. ನನ್ನ ಕೆಲಸ ಹೋಗುತ್ತೆ, ಹೋಗ್ಲಿ. ಆದರೆ ಈ ಪತ್ರದ ಮೂಲ ಪ್ರತಿ ಕೊಡಲ್ಲ. ನಕಲು ತಗೊಂಡು ಹೋಗಿ. ಮೂಲ ಬೇಕಾದ್ರೆ ಜಪ್ತಿ ಆದೇಶ ತನ್ನಿ. ಇದೊಂದು ಹೋದ್ರೆ ನನ್ನ ಹತ್ರ ಇನ್ನೇನೂ ಉಳಿಯಲ್ಲ."

ನ್ಯಾಯವಾದ ಮಾತೇ. ಅವನ ಜಾಗದಲ್ಲಿದ್ದರೆ ತಾನೂ ಕೊಡುತ್ತಿರಲಿಲ್ಲ.

"ಅಂಚೆ ಮುದ್ರೆ ಇಲ್ಲ ಇದರ ಮೇಲೆ. ಕೈಯಲ್ಲಿ ತಂದು ಕೊಟ್ಟದ್ದಾ? ಯಾರು ತಂದದ್ದು?"

ನಗುಮುಖ ಅವಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ. ತಮಾಷೆ ಮಾಡುತ್ತಿದ್ದಾಳೋ ಎಂದು ನೋಡಿದ ಹಾಗಿತ್ತು.

"ನೀವೇ ತಂದಿದ್ರಿ ಮೇಡಂ," ಅಂದ. "ಚಹಾ ತರಿಸಿದೆ. ಕಂಪನಿ ಚಹಾ ಕುಡಿಯಲ್ಲ ಅಂದು, ನೀರೂ ಮುಟ್ಟದೆ ಹೋದ್ರಿ."

* * *

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೀಟರಮ್ಮ ಆ ದಿನವನ್ನು ನೆನಪಿಸಿಕೊಂಡಳು. ನೆನಪಾಗಲು ಹೊತ್ತು ಹಿಡಿಯಲಿಲ್ಲ.

ಮಂಡಳಿಯಿಂದ ಹೊರಡುತ್ತಿದ್ದಳು. ನೆಲಮಹಡಿಯಲ್ಲಿ ರವಾನೆ ವಿಭಾಗ. ಮಂಡಳಿಯಿಂದ ಹೊರಗೆ ಹೋಗುವ ಪ್ರತಿಯೊಂದು ಪತ್ರವೂ ಅಲ್ಲಿನ ದೊಡ್ಡ ರಿಜಿಸ್ಟರಿನಲ್ಲಿ ದಾಖಲಾಗಿಯೇ ಹೋಗಬೇಕು. ಕಟಕಟೆಯ ಹಿಂದಿನಿಂದ ಒಂದು ಕೈ ಲಕೋಟೆ ಹಿಡಿದು ಆಡಿಸಿತ್ತು. "ಅಕ್ಕಾ, ಆ ಕಡೆ ತಾನೆ ಹೋಗ್ತಿರೋದು? ಇದನ್ನ ಕೊಟ್ಟು ಬಾ. ಅಂಚೆಯವನು ಇವತ್ತೂ ಬಂದಿಲ್ಲ."

ಆ ಕೈ ಅವಳ ತಂಗಿಯದು.

ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ. ಅಕ್ಕನಿಗೆ ಐವತ್ತೆರಡು, ತಂಗಿಗೆ ನಲವತ್ತಾರು. ಎರಡು ಕೋಣೆ, ಒಂದು ಇಸ್ತ್ರಿಪೆಟ್ಟಿಗೆ. ಆ ಇಸ್ತ್ರಿಪೆಟ್ಟಿಗೆಯ ಮೇಲೆ ಬೆಳಿಗ್ಗೆಯೂ ಜಗಳವಾಗಿತ್ತು. ಹನ್ನೆರಡು ವರ್ಷದ ಹಿಂದೆ ತಂಗಿ ಮಂಡಳಿಯ ಕೆಲಸಕ್ಕೆ ಸಂದರ್ಶನಕ್ಕೆ ಬಂದ ವಾರ ಮೀಟರಮ್ಮ ಪೂರ್ತಿ ರಜೆ ಹಾಕಿ ಮನೆಯಲ್ಲಿ ಕೂತಿದ್ದಳು, ಯಾರೂ ಬೆರಳು ತೋರಿಸಬಾರದೆಂದು. ಕೆಲಸ ಸಿಕ್ಕಿದ ಸುದ್ದಿ ಬಂದಾಗ ತಂಗಿ ಅತ್ತಿದ್ದಳು. ಅಕ್ಕ ಮಾತ್ರ 'ಸಮಯಕ್ಕೆ ಸರಿಯಾಗಿ ಹೋಗು' ಎಂದಷ್ಟೇ ಹೇಳಿದ್ದಳು.

ಆ ಲಕೋಟೆಯನ್ನು ತಾನೇ ಹೊತ್ತು, ತಾನೇ ಮೆಟ್ಟಿಲು ಹತ್ತಿ, ತಾನೇ ಕೊಟ್ಟು ಬಂದಿದ್ದಳು. ಇಪ್ಪತ್ತು ದಿನದ ಮೇಲೆ ಗಡಿಯಾರದವರು ನೆಲಕ್ಕೆ ಬಿದ್ದರು.

ಇಳಿಯುವ ನಿಲ್ದಾಣ ದಾಟಿ ಹೋಯಿತು. ಮುಂದಿನದರಲ್ಲಿ ಇಳಿದು, ತನ್ನನ್ನೇ ಬೈದುಕೊಳ್ಳುತ್ತ ಹಿಂದಕ್ಕೆ ನಡೆದಳು.

* * *

ನಿಯಂತ್ರಣ ಮಂಡಳಿ ಸ್ವತಂತ್ರ ಸಂಸ್ಥೆ. ಕಾನೂನಿನ ಮೂರನೇ ಸಾಲಿನಲ್ಲೇ ಹಾಗೆ ಬರೆದಿದೆ. ಅದರ ಕಟ್ಟಡ, ಕುರ್ಚಿ, ಫ್ಯಾನು ಮತ್ತು ಕಾರ್ಯದರ್ಶಿ ಮಾತ್ರ ಸಚಿವಾಲಯದಿಂದ ಬಂದವು. ಇವುಗಳಲ್ಲಿ ಫ್ಯಾನು ಒಂದೇ ಹೇಳಿದ ಮಾತು ಕೇಳುವುದು ಎಂದು ಮೀಟರಮ್ಮ ಹಿಂದೊಮ್ಮೆ ಸಭೆಯಲ್ಲೇ ಹೇಳಿ, ಎಚ್ಚರಿಕೆ ಪತ್ರ ಪಡೆದಿದ್ದಳು.

ಕಾರ್ಯದರ್ಶಿ ಮೆಟ್ಟಿಲ ಹತ್ತಿರ ಎದುರಾದರು. ಉದ್ದ ಮೂಗಿನ, ಗಂಟಲು ಸರಿಪಡಿಸದೆ ಮಾತಾಡದ ಮನುಷ್ಯ. ಯಾವ ಪ್ರಶ್ನೆಗೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಈ ಪ್ರಕರಣವನ್ನು ತನಿಖೆಗೆ ತೆಗೆದುಕೊಳ್ಳುವುದೇ ಬೇಡ ಎಂದು ಬರೆದವರು ಅವರು. ಅದನ್ನು ತಳ್ಳಿಹಾಕಿ, ಮೀಟರಮ್ಮನೇ ತನಿಖೆ ಮಾಡಲಿ ಎಂದವರು ಅಧ್ಯಕ್ಷರು. ಆದ್ದರಿಂದ ಅವಳು ಕಾರ್ಯದರ್ಶಿಗೆ ತಲೆಯಾಡಿಸಿ, ಸೀದಾ ಅಧ್ಯಕ್ಷರ ಕೋಣೆಗೆ ಹೋದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ.

ಅಧ್ಯಕ್ಷರು ಹಿಂದೆ ಕಾನೂನು ಕಾಲೇಜಿನಲ್ಲಿ ಪಾಠ ಮಾಡಿದವರು. ಪತ್ರದ ನಕಲನ್ನು ವಿದ್ಯಾರ್ಥಿಯ ಉತ್ತರದ ಹಾಗೆ, ಬೆರಳಿಟ್ಟು ಸಾಲು ಸಾಲಾಗಿ ಓದಿದರು.

"ಸಹಿ ನನ್ನದೇ," ಅಂದರು. "ಎರಡನೇ ಹಾಳೆ ನನ್ನದು. ಮೊದಲನೇದು ನಾನು ಬರೆಸಿದ್ದಲ್ಲ. ಏಳು ದಿನದಲ್ಲಿ ಪಕ್ಕದ ಜಾಗದಲ್ಲಿ ಹೊಸ ಟವರ್ ನಿಲ್ಲಿಸಿ ಅಂತ ನಾನು ಬರೆಸಿದ್ದೆ. ಯಾರೋ ಹಾಳೆ ಬದಲಾಯಿಸಿದ್ದಾರೆ."

ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಕ್ಷಣ ಇನ್ನೊಂದು ಕಲ್ಲು ಬಂದು ಕೂತಿತು.

"ಇದು ಯಾರ ಕೈಯಲ್ಲಿ ಹೋಯ್ತು, ಪತ್ತೆ ಮಾಡಿದ್ರಾ?"

ರವಾನೆ ವಿಭಾಗದಿಂದ ಹೋಯಿತು ಎಂದರೆ ಸುಳ್ಳಾಗುತ್ತಿರಲಿಲ್ಲ. ಅಷ್ಟು ಹೇಳಿ, ಒಂದು ದಿನ ಕಳೆದು, ತಂಗಿಯನ್ನು ಮನೆಯಲ್ಲಿ ಕೇಳಿ, ಆಮೇಲೆ ಉಳಿದದ್ದು ಹೇಳಬಹುದಿತ್ತು. ಬೇರೆಯವರು ಹಾಗೆ ಮಾಡಿದ್ದಕ್ಕೆ ಅವಳು ಎರಡು ಸಲ ನೋಟೀಸು ಕೊಟ್ಟಿದ್ದಳು.

"ನನ್ನ ಕೈಯಲ್ಲಿ ಹೋಯ್ತು ಸರ್. ಒಳಗೇನಿದೆ ಗೊತ್ತಿರಲಿಲ್ಲ. ನನ್ನ ಕೈಗೆ ಕೊಟ್ಟದ್ದು ನನ್ನ ತಂಗಿ."

ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂ‍ಡರು.

"ನಿಯಮ ನಿಮಗೇ ಗೊತ್ತು. ನಾನು ಹೇಳಬೇಕಾಗಿಲ್ಲ."

ಗೊತ್ತಿತ್ತು. ರಕ್ತಸಂಬಂಧಿ ಪ್ರಕರಣದ ಹಾದಿಯಲ್ಲಿ ಬಂದರೆ ತನಿಖಾಧಿಕಾರಿ ಆ ಕ್ಷಣವೇ ಪಕ್ಕಕ್ಕೆ ಸರಿಯಬೇಕು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವ ಕಾಲೂ ಈ ಸಲ ತಾನೇ ಬರೆದ ನಿಯಮದ್ದು.

"ಯಾರಿಗೆ ಹೋಗುತ್ತೆ ಸರ್, ಕಡತ?"

"ಕಾರ್ಯದರ್ಶಿಗಳಿಗೆ."

"ತನಿಖೆಯೇ ಬೇಡ ಅಂದವರು ಅವರು."

"ನಿಯಮದ ಪ್ರಕಾರ ಮುಂದಿನವರು ಅವರೇ. ನನ್ನ ಕೈ ಕಟ್ಟಿದೆ ಅಮ್ಮಾ." ಅಧ್ಯಕ್ಷರು ಪೆನ್ನು ತೆರೆದು, ಅವಳ ಕಣ್ಣೆದುರೇ, ತಡೆತಡೆದು ನಾಲ್ಕು ಸಾಲು ಬರೆದರು. ತನಿಖಾಧಿಕಾರಿಯನ್ನು ಬದಲಾಯಿಸಲಾಗಿದೆ. ಎಲ್ಲ ಕಾಗದಪತ್ರ, ರವಾನೆ ವಿಭಾಗದ ರಿಜಿಸ್ಟರು ಸೇರಿ, ಐದು ಗಂಟೆಯೊಳಗೆ ಕಾರ್ಯದರ್ಶಿಗಳ ವಶಕ್ಕೆ. "ನನಗೂ ಬೇಜಾರಾಗ್ತಿದೆ," ಅಂದರು.

ಅವಳು ಆದೇಶದ ಪ್ರತಿ ತೆಗೆದುಕೊಂಡು ಹೊರಬಂದಳು. ಅಂಥ ಮನುಷ್ಯನಿಗೆ ಇಂಥ ಆದೇಶ ಬರೆಯುವ ಕಷ್ಟ ತಂದೆನಲ್ಲ ಎಂದು, ಆ ಹೊತ್ತಿನಲ್ಲೂ, ಅವರ ಮೇಲೆ ಕನಿಕರವೇ ಬಂತು.

* * *

ತಂಗಿ ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದಳು. ಅಕ್ಕನ ಮುಖ ನೋಡಿ ಕುಂಚವನ್ನು ಡಬ್ಬಿಗೆ ಹಾಕಿದಳು.

"ಇಸ್ತ್ರಿಪೆಟ್ಟಿಗೆ ಸಿಟ್ಟು ಇನ್ನೂ ಇಳಿದಿಲ್ವಾ?"

"ಕಳೆದ ತಿಂಗಳು ಹದಿನೆಂಟಕ್ಕೆ ಫೋನ್ ಕಂಪನಿಗೆ ಕೊಡು ಅಂತ ನನಗೊಂದು ಲಕೋಟೆ ಕೊಟ್ಟೆ. ನಿನಗೆ ಅದನ್ನ ಯಾರು ಕೊಟ್ಟದ್ದು?"

"ರಿಜಿಸ್ಟರಿನಲ್ಲಿ ಬರೆದಿರ್ತೀನಲ್ಲ." ತಂಗಿ ಪುಟ ಮಗುಚಿದಳು. ನೂರ ಎಂಬತ್ತೊಂದನೇ ಪುಟ. "ನೋಡು. ಅಧ್ಯಕ್ಷರ ಕೊಠಡಿಯಿಂದ."

"ಕೊಠಡಿ ನಡ್ಕೊಂಡು ಬರಲ್ಲ. ತಂದದ್ದು ಯಾರು?"

"ಅವರೇ ಬಂದಿದ್ರು, ಅಧ್ಯಕ್ಷರೇ. ನನಗೇ ಆಶ್ಚರ್ಯ ಆಯ್ತು, ಯಾವತ್ತೂ ಕೆಳಗೆ ಇಳಿಯೋರಲ್ಲ. ಮೊದಲು ಬರಿಗೈಯಲ್ಲಿ ಬಂದು, ನಿಮ್ಮಕ್ಕ ಇವತ್ತು ಆ ಕಡೆ ಹೋಗ್ತಾರಾ ಅಂತ ಕೇಳಿದ್ರು. ಹೋಗ್ತಾಳೆ ಅಂದೆ. ಆಮೇಲೆ ಮೇಲೆ ಹೋಗಿ ಲಕೋಟೆ ತಂದ್ರು. ಅಂಟಿಸಿಯೇ ತಂದಿದ್ರು."

ಮೀಟರಮ್ಮ ಕಟಕಟೆಯ ಅಂಚು ಹಿಡಿದುಕೊಂಡಳು.

ಅಂಟಿಸಿದ ಲಕೋಟೆ. ಅಧ್ಯಕ್ಷರ ಕೈಯಿಂದ ತಂಗಿಯ ಕೈಗೆ, ತಂಗಿಯ ಕೈಯಿಂದ ತನ್ನ ಕೈಗೆ, ತನ್ನ ಕೈಯಿಂದ ನಗುಮುಖನ ಮೇಜಿಗೆ. ನಡುವೆ ಹಾಳೆ ಬದಲಾಗಲು ಜಾಗವೇ ಇರಲಿಲ್ಲ. ಬದಲಾಗಿದ್ದರೆ ತಾನು ಬದಲಾಯಿಸಿರಬೇಕು, ಇಲ್ಲವೇ ತಂಗಿ. ಅಕ್ಕತಂಗಿ ಇಬ್ಬರನ್ನೂ ಆ ದಾರಿಯಲ್ಲಿ ನಿಲ್ಲಿಸಿದ್ದು ಸುಮ್ಮನೆ ಅಲ್ಲ.

"ಇವತ್ತು ಬೆಳಿಗ್ಗೆಯೂ ಅಲ್ಲಿಂದ ಒಂದು ಬಂತು," ತಂಗಿ ದನಿ ತಗ್ಗಿಸಿದಳು. "ಸಚಿವಾಲಯಕ್ಕೆ. ಹೇಳೋಣ ಅಂದ್ಕೊಂಡೆ. ನೀನೇ ಬಿಡ್ತೀನಿ ಅಂತ ಬರೆದು ಕೊಟ್ಟಿರಬೇಕು, ಸಿಟ್ಟಿನಲ್ಲಿದ್ದೀಯ, ಯಾಕೆ ಕೆಣಕೋದು ಅಂತ ಸುಮ್ಮನಾದೆ."

"ಯಾವುದರ ಬಗ್ಗೆ?"

ತಂಗಿ ಇನ್ನೂರ ಹದಿನೈದನೇ ಪುಟ ತೆಗೆದು ಬೆರಳಿಟ್ಟಳು. ವಿಷಯ: ತನಿಖಾಧಿಕಾರಿಯ ಬದಲಾವಣೆ. ರವಾನೆಯಾದ ಸಮಯ: ಹನ್ನೊಂದು ಗಂಟೆ ಹತ್ತು ನಿಮಿಷ.

ನಾಲ್ಕು ಗಂಟೆಗೆ ಅಷ್ಟು ಕಷ್ಟಪಟ್ಟು, ಕಣ್ಣೊರೆಸಿಕೊಂಡು ಬರೆದ ಆದೇಶ, ಹನ್ನೊಂದಕ್ಕೇ ಕಚೇರಿ ಬಿಟ್ಟಿತ್ತು. ಅವಳು ನಿಜ ಹೇಳುತ್ತಾಳೆಂದು ಅವರಿಗೆ ಮೊದಲೇ ಗೊತ್ತಿತ್ತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದರ ಮೇಲೆಯೇ ಅವರು ಎಲ್ಲವನ್ನೂ ಕಟ್ಟಿದ್ದರು. ಕನಿಕರಪಟ್ಟದ್ದು ನೆನಪಾಗಿ ಮೀಟರಮ್ಮನ ಕಿವಿ ಬಿಸಿಯಾಯಿತು.

ಹೊರಗೆ ಕೆಮ್ಮು ಕೇಳಿಸಿತು. ಗಂಟಲು ಸರಿಪಡಿಸುವ ಕೆಮ್ಮು.

"ರಿಜಿಸ್ಟರಿಗೆ ಬಂದಿದ್ದಾರೆ," ಅಂದಳು ತಂಗಿ. "ಕೊಡಲಾ?"

ಈಗ ಮೀಟರಮ್ಮ ತನಿಖಾಧಿಕಾರಿಯಲ್ಲ. ಬೇಡ ಎನ್ನುವ ಅಧಿಕಾರ ಅವಳಿಗಿರಲಿಲ್ಲ. ಅವಳು ಒಂದು ನಿಮಿಷ ಯೋಚಿಸಿದಳು. ಆಮೇಲೆ ಕಟಕಟೆಯ ಈಚೆ, ಸಾರ್ವಜನಿಕರು ನಿಲ್ಲುವ ಕಡೆ ಹೋಗಿ ನಿಂತಳು. ಗೋಡೆಗೆ ನೇತುಹಾಕಿದ್ದ ಕಟ್ಟಿನಿಂದ ಒಂದು ಅರ್ಜಿ ಹರಿದುಕೊಂಡಳು. ಯಾವ ನಾಗರಿಕರಾದರೂ ಮಂಡಳಿಯ ಯಾವ ದಾಖಲೆಯ ದೃಢೀಕೃತ ಪ್ರತಿಯನ್ನಾದರೂ ಕೇಳಬಹುದು. ಕೇಳಿದ ಮೇಲೆ, ಪ್ರತಿ ಕೈಗೆ ಕೊಡುವವರೆಗೆ ಆ ದಾಖಲೆ ವಿಭಾಗದ ಬಾಗಿಲು ದಾಟುವಂತಿಲ್ಲ. ಹತ್ತು ವರ್ಷದಲ್ಲಿ ಆ ಅರ್ಜಿಯನ್ನು ಬಳಸಿದವರು ಮೂರೇ ಜನ.

ಅರ್ಜಿದಾರರ ವಿವರದಲ್ಲಿ ಮನೆಯ ವಿಳಾಸ ಬರೆದಳು. ಬೇಕಾದ ಪುಟಗಳು: ೧೮೧, ೨೧೫.

ಕಾರ್ಯದರ್ಶಿ ಒಳಗೆ ಬಂದು, "ರಿಜಿಸ್ಟರ್," ಅಂದರು.

"ಅರ್ಜಿ ಬಂದಿದೆ ಸರ್," ಅಂದಳು ತಂಗಿ. ಸ್ವೀಕೃತಿಯ ಮುದ್ರೆಯನ್ನು ಗಟ್ಟಿಯಾಗಿ ಒತ್ತಿದಳು. "ಪ್ರತಿ ಕೊಡೋವರೆಗೆ ಹೊರಗೆ ಹೋಗೋ ಹಾಗಿಲ್ಲ."

ಅವರು ಅರ್ಜಿ ತೆಗೆದುಕೊಂಡು ಓದಿದರು. ಹರಿದು ಹಾಕುತ್ತಾರೆಂದು ಮೀಟರಮ್ಮ ಕಾದಳು. ಹರಿದರೆ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡೂ ಇದ್ದಳು.

ಕಾರ್ಯದರ್ಶಿ ಹಿಂದಕ್ಕೆ ಹೋಗಿ ಬಾಗಿಲು ಮುಚ್ಚಿ, ಚಿಲಕ ಹಾಕಿದರು. ಅರ್ಜಿಯನ್ನು ಅವಳ ಮುಂದೆ ವಾಪಸ್ ಇಟ್ಟು, ತಮ್ಮ ಪೆನ್ನನ್ನು ಅದರ ಪಕ್ಕ ಇಟ್ಟರು.

"ಇನ್ನೂರ ನಾಲ್ಕನೇ ಪುಟವನ್ನೂ ಸೇರಿಸಿ," ಅಂದರು. ಈ ಸಲ ಗಂಟಲು ಸರಿಪಡಿಸಲಿಲ್ಲ. "ತನಿಖೆ ಬೇಡ ಅಂತ ನಾನು ಬರೆದದ್ದು ಯಾಕೆ ಅಂತ ಅದರಲ್ಲಿದೆ. ಸಚಿವಾಲಯದಿಂದ ಬಂದವನು ನಾನು, ನಾನು ಕೇಳೋ ಹಾಗಿಲ್ಲ. ನೀವು ಕೇಳಬಹುದು."

ದಿನಕ್ಕೆ ಹೆಚ್ಚುಕಡಿಮೆ ಒಂದು ಪುಟ. ಇನ್ನೂರ ನಾಲ್ಕೆಂದರೆ ಗಡಿಯಾರದವರು ತೀರಿಕೊಂಡ ಮಾರನೇ ದಿನ. ಮೀಟರಮ್ಮ ಪೆನ್ನು ಎತ್ತಿಕೊಂಡಳು.

ತಂಗಿ ರಿಜಿಸ್ಟರನ್ನು ಮುಚ್ಚಿ, ಅದರ ಮೇಲೆ ಎರಡೂ ಕೈ ಊರಿದಳು.

"ಅದೊಂದು ಪುಟ ಬೇಡ ಅಕ್ಕಾ," ಅಂದಳು. "ಅದರಲ್ಲಿ ನನ್ನದೂ ಕೈಯಿದೆ."